ಜಗಳ ನಿಂತ ಚಳಿಗಾಲ

ಎಕ್ಕೆಯ ಎಲೆಗೆ ಹರಳೆಣ್ಣೆ ಸವರಿ ಹಂಚಿನ ಮೇಲೆ ಬಿಸಿ ಮಾಡಿದರೆ ಒಂದು ವಾಸನೆ ಬರುತ್ತದೆ. ಒಳ್ಳೆಯ ವಾಸನೆಯೇನಲ್ಲ. ಸ್ವಲ್ಪ ಕಹಿ, ಸ್ವಲ್ಪ ಕಮಟು. ಹೋದ ವಾರ ನರಗುಂದದ ಈ ಮನೆಯಲ್ಲಿ ಸೊಸೆ ಸುನಂದಾ ನನ್ನ ಮೊಣಕಾಲಿಗೆ ಕಟ್ಟಲೆಂದು ಎಲೆ ಕಾಸಿದಳು. ಅಡಿಗೆಮನೆಯಿಂದ ಆ ವಾಸನೆ ಬಂದ ಕೂಡಲೇ ನನಗೆ ಸೂಡಿಯ ಮನೆ ನೆನಪಾಯಿತು. ಪಡಸಾಲೆಯ ಮೂಲೆಯ ಹೊರಸು, ಅದರ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ದೊಡ್ಡತ್ತೆ ಕಣ್ಣ ಮುಂದೆ ಬಂದರು.

ನಮ್ಮವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಅಂದಿನಿಂದ ಈ ಮನೆಯಲ್ಲಿ ಯಾರೂ ನನ್ನೊಂದಿಗೆ ಗಟ್ಟಿಯಾಗಿ ಮಾತಾಡಿಲ್ಲ. ಮಗ ಕೆಲಸದಿಂದ ಬಂದರೆ ಚಪ್ಪಲಿಯ ಸಪ್ಪಳವಾಗದಂತೆ ಒಳಗೆ ಬರುತ್ತಾನೆ. ಸುನಂದಾ ಮೊದಲೆಲ್ಲ ಹೀಗಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ನಾನಂದರೆ, "ನೀವ ಹಾಕಿದ್ರಿ ಅತ್ತೀ, ಮರತಿದ್ದೀರಿ" ಎಂದು ತಿರುಗಿ ಹೇಳುತ್ತಿದ್ದಳು. ಈಗ "ಆತ್ರಿ, ನಾಳೆ ಕಡಿಮಿ ಹಾಕ್ತೀನ್ರಿ" ಅನ್ನುತ್ತಾಳೆ. ಪಾಪ, ಅವಳಿಗೆ ನನ್ನ ಮೇಲೆ ಮರುಕ. ಆ ಮರುಕಕ್ಕೆ ನಾನು ಏನು ಉತ್ತರ ಕೊಡಲಿ? ಉಂಡೆ ಅನ್ನುತ್ತೇನೆ, ಮಲಗುತ್ತೇನೆ ಅನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಹಾಗಾಗಿ ಆ ಒಂದು ಚಳಿಗಾಲವನ್ನು ಬರೆದಿಡಬೇಕು ಅನ್ನಿಸಿತು.

ನಾನು ಕೊಣ್ಣೂರಿನವಳು. ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಮದುವೆಯಾಗಿ ಸೂಡಿಗೆ ಬಂದದ್ದು ನಮ್ಮ ಕಡೆಯ ಊರುಗಳು ಮುಂಬೈ ಸರಕಾರ ಬಿಟ್ಟು ಮೈಸೂರಿಗೆ ಸೇರಿದ ವರ್ಷದ ಬೇಸಿಗೆಯಲ್ಲಿ. ಮಲಪ್ರಭೆಯ ನೀರು ಹೊತ್ತು ಬೆಳೆದವಳಿಗೆ ಆ ಒಣ ಎರೆಭೂಮಿ ಹೊಸದು. ಅದಕ್ಕಿಂತ ಹೊಸದು ಆ ಮನೆ. ಮಾವನವರು ಯಾವಾಗಲೋ ಹೋಗಿಬಿಟ್ಟಿದ್ದರು. ಅವರ ಹೆಂಡಂದಿರು ಇಬ್ಬರೂ ಇದ್ದರು.

ಹಿರಿಯರು ನೀಲವ್ವ, ನನ್ನ ದೊಡ್ಡತ್ತೆ. ಅವರಿಗೆ ಮಕ್ಕಳಾಗಲಿಲ್ಲ. ತಾವೇ ಬಂಡಿ ಹೂಡಿಸಿಕೊಂಡು ಹೋಗಿ, ಹೆಣ್ಣು ನೋಡಿ, ಗಂಡನಿಗೆ ಎರಡನೆಯ ಮದುವೆ ಮಾಡಿಸಿದವರು. ಹಾಗೆ ಬಂದವರು ಫಕೀರವ್ವ, ನನ್ನ ಸಣ್ಣತ್ತೆ, ನಮ್ಮವರನ್ನು ಹೆತ್ತವರು. ಸೂಡಿಯಲ್ಲಿ ಎರಡು ಶಿಖರಗಳಿರುವ ಹಳೆಯ ಗುಡಿಯೊಂದಿದೆ. ಜೋಡುಕಳಸದ ಗುಡಿ ಅನ್ನುತ್ತಾರೆ. ಊರವರು ನಮ್ಮ ಮನೆಗೂ ಅದೇ ಹೆಸರಿಟ್ಟಿದ್ದರು. "ಜೋಡುಕಳಸದ ಸೊಸಿ ಬಂದ್ಲು ನೋಡ್ರಿ" ಎಂದು ಬಾವಿಯ ಹತ್ತಿರ ಹೆಂಗಸರು ನಕ್ಕದ್ದು ನನಗೆ ಮೊದಲ ದಿನ ಅರ್ಥವಾಗಲಿಲ್ಲ. ಎರಡನೆಯ ದಿನ ಅರ್ಥವಾಯಿತು.

ಇಬ್ಬರೂ ಹೊತ್ತು ಹುಟ್ಟಿದಾಗಿನಿಂದ ಜಗಳವಾಡುತ್ತಿದ್ದರು. ರೊಟ್ಟಿ ದಪ್ಪವಾಯಿತು, ಮಜ್ಜಿಗೆ ಹುಳಿಯಾಯಿತು, ಹಾಸುಗಲ್ಲಿನ ಮೇಲೆ ನೀರು ನಿಂತಿತು, ಯಾವುದಾದರೂ ಸರಿ. ಕಾರಣ ಸಿಗದ ದಿನಕ್ಕೆಂದು ಒಂದು ಹಿತ್ತಾಳೆ ತಂಬಿಗೆ ಇತ್ತು. ಇಬ್ಬರೂ ತವರಿನಿಂದ ಒಂದೇ ನಮೂನೆಯ ತಂಬಿಗೆ ತಂದಿದ್ದರಂತೆ. ನಮ್ಮವರು ಕೂಸಾಗಿದ್ದಾಗ ಅವುಗಳಲ್ಲೊಂದು ಬಾವಿಗೆ ಬಿತ್ತು. ಉಳಿದದ್ದು ಯಾರದು? ಬಿದ್ದದ್ದು ನಿನ್ನದು, ಉಳಿದದ್ದು ನನ್ನದು ಎಂದು ಇಬ್ಬರದೂ ಹಟ. ಅಂದಿನಿಂದ ಆ ವ್ಯಾಜ್ಯ ಮುಗಿದಿರಲಿಲ್ಲ.

ನನಗೆ ಹೆದರಿಕೆಯಾಗುತ್ತಿತ್ತು. ಒಂದು ದಿನ ನಮ್ಮವರಿಗೆ ಹೇಳಿದೆ. ಅವರು ನಕ್ಕರು.

"ಅಂಜಬ್ಯಾಡ. ಅವರ ಜಗಳಾ ನಮ್ಮ ಮನಿ ಗಡಿಯಾರ ಇದ್ದಂಗ. ಸಪ್ಪಳಾ ಮಾಡಾಕತ್ತೇತಿ ಅಂದ್ರ ನಡದೈತಿ ಅಂತ ತಿಳಿ."

ದೊಡ್ಡತ್ತೆಗೆ ವಾಯು ಹಿಡಿದು ಬಹಳ ವರ್ಷಗಳಾಗಿದ್ದವು. ಬೆರಳ ಗಿಣ್ಣುಗಳು ಉಬ್ಬಿ ಸೊಟ್ಟಗಾಗಿದ್ದವು. ಬೇಸಿಗೆಯಲ್ಲಿ ಕೋಲು ಹಿಡಿದು ಹಿತ್ತಲವರೆಗೆ ಹೋಗಿ ಬರುತ್ತಿದ್ದರು. ಆ ವರ್ಷ ಶೀಗಿ ಹುಣ್ಣಿಮೆಯ ನಂತರ ಮೂಡಣ ಗಾಳಿ ಬೀಸತೊಡಗಿದ ಮೇಲೆ ಕಾಲು ಮಡಚಲು ಬರಲಿಲ್ಲ. ಹೊರಸು ಹಿಡಿದರು.

ನೋಡಿಕೊಳ್ಳುವುದು ಅಂದರೆ ಏನು ಎಂದು ನಾನು ಆಗ ಕಲಿತೆ. ಅದು ದೊಡ್ಡ ಕೆಲಸವಲ್ಲ, ಮುಗಿಯದ ಕೆಲಸ. ಬೆಳಿಗ್ಗೆ ಇಬ್ಬರೂ ಸೇರಿ ಅವರನ್ನು ಎತ್ತಿ ಹಿತ್ತಲಿಗೆ ಒಯ್ಯುವುದು. ಸಣ್ಣತ್ತೆ ಹೆಗಲ ಕಡೆ, ನಾನು ಕಾಲ ಕಡೆ. ಬೇವಿನ ಸೊಪ್ಪು ಹಾಕಿ ಕುದಿಸಿದ ನೀರಿನಲ್ಲಿ ಮೈ ತೊಳೆಯುವುದು. ಎಕ್ಕೆಲೆ ಕಾಸಿ ಕಟ್ಟುವುದು. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣಿಸುವುದು. ಮಲಗಿದ ಮಗ್ಗಲು ಹುಣ್ಣಾಗದಂತೆ ಹೊರಳಿಸುವುದು. ಮತ್ತೆ ಹಿತ್ತಲು. ಮತ್ತೆ ಎಲೆ. ಸಣ್ಣತ್ತೆಗೂ ವಯಸ್ಸಾಗಿತ್ತು. ಎತ್ತಿ ಇಳಿಸಿದ ಮೇಲೆ ಅವರು ಸೊಂಟ ಹಿಡಿದು ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಆದರೂ ಆ ಕೆಲಸವನ್ನು ನನ್ನೊಬ್ಬಳಿಗೆ ಬಿಡುತ್ತಿರಲಿಲ್ಲ. ಬಾಯಿಯನ್ನೂ ಬಿಡುತ್ತಿರಲಿಲ್ಲ.

"ಏ ಫಕೀರಿ, ಎಲಿ ಕಟ್ಟಾಕತ್ತಿಯೋ ನನ್ನ ತೊಗಲು ಸುಡಾಕತ್ತಿಯೋ?"

"ಸುಡಲಿಲ್ಲಂದ್ರ ನೋವು ಹ್ಯಾಂಗ ಹೋಗತೈತಿ? ಸುಮ್ಮ ಕುಂದರು."

"ಅರ್ಧಾ ಗಂಡನ್ನ ಕಸಗೊಂಡಾಕಿ, ಈಗ ನನ್ನ ಕಾಲೂ ಕಸಗೋ."

"ನಾ ಎಲ್ಲಿ ಕಸಗೊಂಡೆ ನಮ್ಮವ್ವಾ? ನೀನ ಬಂಡ್ಯಾಗ ಹೇರಿಕೊಂಡು ಬಂದಿ ನನ್ನ."

"ಹತ್ತಿ ತರಬೇಕಂತ ಹೋಗಿದ್ದೆ. ಬರೇ ಕಟಗಿ ಸಿಕ್ತು."

ಹೀಗೆ ಬೈದಾಡುತ್ತಲೇ ಎರಡೂ ಕಾಲಿಗೆ ಎಲೆ ಕಟ್ಟಿ ಮುಗಿಯುತ್ತಿತ್ತು. ದೊಡ್ಡತ್ತೆ ಕೊನೆಯ ಮಾತು ತಮ್ಮದಾಯಿತೆಂದು ಖುಷಿಯಾಗಿ ಒಂದು ರೊಟ್ಟಿ ಹೆಚ್ಚೇ ಉಣ್ಣುತ್ತಿದ್ದರು.

ದೀಪಾವಳಿಯ ಹೊತ್ತಿಗೆ ನಾಡು ಒಂದಾಯಿತು. ರೋಣದಿಂದ ಬಂದವರು ಸುದ್ದಿ ಹೇಳಿದರು, ಚಾವಡಿಯ ಮುಂದೆ ಸಕ್ಕರೆ ಹಂಚಿದರು. ನಮ್ಮವರು ಮನೆಗೆ ಬಂದು, "ದೊಡ್ಡವ್ವಾ, ಇನ್ನ ಮ್ಯಾಲೆ ಕನ್ನಡದವ್ರೆಲ್ಲಾ ಒಂದ" ಅಂದಾಗ ದೊಡ್ಡತ್ತೆ ಹೊರಸಿನಿಂದಲೇ ಹೇಳಿದರು: "ಒಂದ ಮನ್ಯಾಗ ಇಬ್ಬರು ಒಂದಾಗಾಕ ಆಗಿಲ್ಲ. ಅಷ್ಟು ಊರು ಹ್ಯಾಂಗ ಒಂದಾದಾವೋ ಏನೋ." ಒಲೆಯ ಮುಂದಿದ್ದ ಸಣ್ಣತ್ತೆ, "ಹಿರೇತನಾ ಮಾಡಾಕ ನೀ ಹೋಗಿಲ್ಲಲ್ಲ, ಅದಕ್ಕ ಒಂದಾಗ್ಯಾವು" ಅಂದರು. ಎಲ್ಲರೂ ನಕ್ಕೆವು. ಆ ಚಳಿಗಾಲದಲ್ಲಿ ಹಾಗೆ ನಕ್ಕದ್ದು ಅದೇ ಕೊನೆ.

ಅದಾದ ಸ್ವಲ್ಪ ದಿನಕ್ಕೆ ದೊಡ್ಡತ್ತೆಗೆ ಜ್ವರವೂ ಬಂತು. ಬಂಡಿಯಲ್ಲಿ ಮೆತ್ತಗೆ ಹೊಟ್ಟು ಹಾಸಿ, ಮೇಲೆ ಕೌದಿ ಹೊದಿಸಿ ಗಜೇಂದ್ರಗಡದ ದವಾಖಾನೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಗಾಲಿ ಕಲ್ಲಿಗೆ ಬಡಿದಾಗಲೆಲ್ಲ ಅವರು ಕಣ್ಣು ಮುಚ್ಚುತ್ತಿದ್ದರು. ಡಾಕ್ಟರರು ಗುಳಿಗೆ ಕೊಟ್ಟರು. ಇದು ಪೂರ್ತಿ ಹೋಗುವ ಬ್ಯಾನಿಯಲ್ಲ, ಮನೆಯಲ್ಲಿ ಜೋಪಾನ ಮಾಡಬೇಕು ಅಂದರು. ಹೊರಡುವಾಗ ನಮ್ಮವರಿಗೆ ಒಂದು ಮಾತು ಹೇಳಿದರು: "ಮನಸ್ಸಿಗೆ ತ್ರಾಸ ಆಗದಂಗ ನೋಡ್ಕೋರಿ." ಎಲ್ಲ ಡಾಕ್ಟರರೂ ಹೇಳುವ ಮಾತೇ ಅದು. ಅದರಲ್ಲಿ ತಪ್ಪೇನಿರಲಿಲ್ಲ.

ಆದರೆ ಅದೇ ವಾರ ದೊಡ್ಡತ್ತೆಯ ತಮ್ಮ ಬಸಪ್ಪ ರೋಣದಿಂದ ಅಕ್ಕನನ್ನು ನೋಡಲು ಬಂದರು. ದೊಡ್ಡ ರುಮಾಲು, ಸಣ್ಣ ದನಿ. ಅವರು ಬಂದಾಗ ಜಗಳ ನಡೆದಿತ್ತು. ಬಾಗಿಲಲ್ಲೇ ನಿಂತು ಕೇಳಿದರು. ಡಾಕ್ಟರರ ಮಾತನ್ನು ನಮ್ಮವರಿಂದ ತಿಳಿದುಕೊಂಡರು. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಸಣ್ಣತ್ತೆಯ ಕಡೆ ನೋಡಿ ಮೆಲ್ಲಗೆ ಹೇಳಿದರು.

"ತಂಗೀ, ಸಿಟ್ಟಾಗಬ್ಯಾಡ. ನಮ್ಮಕ್ಕನ ಬ್ಯಾನಿ ಕಾಲಾಗಿಲ್ಲ. ನಿನ್ನ ಬಾಯಿ ಸುಮ್ಮನಿದ್ರ ನಮ್ಮಕ್ಕ ನಾಕ ದಿನಾ ಹೆಚ್ಚ ಬದುಕತಾಳ."

ಸಣ್ಣತ್ತೆ ಉತ್ತರ ಕೊಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಸಪ್ಪ ಹೋದ ಮೇಲೆ ಕಪ್ಪು ತೊಳೆದಿಟ್ಟರು, ಕೈ ಒರೆಸಿಕೊಂಡರು, ಸೆರಗು ಹೊದ್ದು ಹನುಮಪ್ಪನ ಗುಡಿಗೆ ಹೋದರು. ಬಂದು ನನಗೆ ಹೇಳಿದರು.

"ಗಿರಿಜಾ, ದೀಪಾ ಮುಟ್ಟಿ ಆಣಿ ಮಾಡಿ ಬಂದೀನಿ. ಇನ್ನ ಮ್ಯಾಲೆ ಅಕ್ಕನ ಕೂಡ ಜಗಳಾ ಆಡೂದಿಲ್ಲ. ಆಡಿದ್ರ ಆಕಿ ಪಾಪ ನನಗಿರಲಿ."

ಕಾಶಿಗೆ ಹೋದವರು ಇಷ್ಟವಾದ ಒಂದು ಕಾಯಿಪಲ್ಲೆ ಬಿಟ್ಟು ಬರುತ್ತಾರಂತೆ. ಸಣ್ಣತ್ತೆ ಊರ ಹನುಮಪ್ಪನ ಮುಂದೆ ಜಗಳ ಬಿಟ್ಟು ಬಂದರು.

ಮರುದಿನ ಬೆಳಿಗ್ಗೆ ಎಲೆ ಕಟ್ಟುವಾಗ ದೊಡ್ಡತ್ತೆ ಎಂದಿನಂತೆ, "ಏನ ಫಕೀರಿ, ನಿನ್ನೆ ನಮ್ಮ ತಮ್ಮ ಬಂದದ್ದಕ್ಕ ಹೊಟ್ಟಿ ಉರಿತೇನು?" ಅಂದರು. ಸಣ್ಣತ್ತೆ ಎಲೆಯನ್ನು ಊದಿ ಆರಿಸಿ, ಮೆತ್ತಗೆ ಮೊಣಕಾಲಿಗೆ ಇಟ್ಟು, "ಸುಡತೈತೇನ್ರಿ ಅಕ್ಕಾ?" ಎಂದು ಕೇಳಿದರು.

ದೊಡ್ಡತ್ತೆ ತಲೆ ಎತ್ತಿ ನೋಡಿದರು.

ನಮ್ಮ ಕಡೆಯ ಮಾತಿನಲ್ಲಿ ಈ 'ರಿ' ಬಹಳ ಸಣ್ಣದು. ಬರ್ರಿ, ಹೋಗ್ರಿ, ಉಣ್ರಿ. ಹೊರಗಿನವರಿಗೆ, ಬೀಗರಿಗೆ, ಮರ್ಯಾದೆ ಕೊಡಬೇಕಾದವರಿಗೆ ಹಚ್ಚುವುದು. ಆ ಇಬ್ಬರ ನಡುವೆ ಜನ್ಮದಲ್ಲಿ ಅದು ಸುಳಿದಿರಲಿಲ್ಲ. ಅಕ್ಕ ಅನ್ನುತ್ತಿದ್ದರು, ನೀ ಅನ್ನುತ್ತಿದ್ದರು. ಅಂದಿನಿಂದ ಸಣ್ಣತ್ತೆ ಪ್ರತಿ ಮಾತಿಗೂ 'ರಿ' ಹಚ್ಚತೊಡಗಿದರು. ಉಣ್ರಿ ಅಕ್ಕಾ. ಹೊಳ್ಳಿ ಮಕ್ಕೋರಿ ಅಕ್ಕಾ. ಹೂನ್ರಿ, ನಿಮ್ಮದ ಖರೇರಿ. ಅವರಿಗೆ ಗೊತ್ತಿದ್ದ ಒಳ್ಳೆಯತನ ಅದೊಂದೇ ಇತ್ತೋ ಏನೋ. ಊರವರು ಹೊಗಳಿದರು. "ಫಕೀರವ್ವ ಎಷ್ಟು ಬದಲಾದ್ಲು ನೋಡ್ರಿ, ಸ್ವಂತ ತಂಗಿ ಇದ್ದಂಗ" ಅಂದರು. ಬಸಪ್ಪನಿಗೂ ಸುದ್ದಿ ಮುಟ್ಟಿತು.

ಮನೆ ಶಾಂತವಾಯಿತು. ಶಾಂತವಾದಷ್ಟೂ ನಮಗೆ ದಣಿವು ಹೆಚ್ಚಾಯಿತು. ಮೊದಲು ಬೈಯುತ್ತ, ನಗುತ್ತ ಎತ್ತುತ್ತಿದ್ದ ಮೈಯನ್ನು ಈಗ ಸುಮ್ಮನೆ ಎತ್ತುತ್ತಿದ್ದೆವು. ಬೈಯದೆ ಎತ್ತುವ ಮೈ ಬಹಳ ಭಾರ. ಸಣ್ಣತ್ತೆ ಬೆಳಗಿನ ಚಳಿಯಲ್ಲಿ ಕಡಲೆ ಹೊಲಕ್ಕೆ ಹೋಗಿ, ಗಿಡದ ಮೇಲೆ ಹಾಸಿದ ಬಟ್ಟೆಗೆ ಹತ್ತಿದ ಇಬ್ಬನಿಯ ಹುಳಿ ಹಿಂಡಿಕೊಂಡು ಬರುತ್ತಿದ್ದರು. ಅದು ಬಾಯಿಗೆ ರುಚಿ ತರುತ್ತದೆ ಅನ್ನುತ್ತಾರೆ. ದೊಡ್ಡತ್ತೆ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು "ಸಾಕು" ಅನ್ನುತ್ತಿದ್ದರು. ರೊಟ್ಟಿ ದಪ್ಪವಾಗಿದ್ದರೂ ಸುಮ್ಮನೆ, ತೆಳ್ಳಗಿದ್ದರೂ ಸುಮ್ಮನೆ. ಅರ್ಧ ರೊಟ್ಟಿ, ಆಮೇಲೆ ಕಾಲು ರೊಟ್ಟಿ, ಆಮೇಲೆ ಬರಿಯ ಹಾಲು. ಗೋಡೆಯ ಕಡೆ ಹೊರಳಿಸಿ ಮಲಗಿಸಿದರೆ ಗೋಡೆಯ ಕಡೆಯೇ ಇರುತ್ತಿದ್ದರು. ಹೊಲದಲ್ಲಿ ಜೋಳ ಎಷ್ಟೆತ್ತರ ಬಂದಿದೆ, ಹತ್ತಿ ಒಡೆಯಿತೇ, ಎಮ್ಮೆ ಹಾಲು ಕೊಟ್ಟಿತೇ ಎಂದು ಕೇಳುವುದನ್ನೂ ಬಿಟ್ಟರು.

ನಮ್ಮವರು ಹೊಲದಿಂದ ಬಂದು ಪಡಸಾಲೆಯಲ್ಲಿ ನಿಂತು ಕಿವಿಗೊಟ್ಟು, "ಗಡಿಯಾರ ನಿಂತೇತಿ" ಅಂದರು.

ಸಣ್ಣತ್ತೆಯೂ ಇಳಿದುಹೋದರು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಅವರು ಬೀಸುಕಲ್ಲಿನ ಮುಂದೆ ಕೂತು ಬೀಸದೆ ಗೂಟ ಹಿಡಿದುಕೊಂಡಿದ್ದರು. "ಸೊಂಟ ನೋವೇನ್ರಿ?" ಎಂದು ಕೇಳಿದೆ. "ಸೊಂಟ ಅಲ್ಲವಾ. ದಿನಾ ಬಾಯಿಗೆ ಬಂದದ್ದ ನುಂಗಿ ನುಂಗಿ ಎದಿ ತುಂಬೇತಿ. ಉಂಡದ್ದು ಇಳಿಯವಲ್ದು" ಅಂದರು. ಗೂಟವನ್ನು ಒಂದು ಸುತ್ತು ತಿರುಗಿಸಿ, "ಆದ್ರ ಆಕಿ ಬದುಕಬೇಕಲ್ಲ" ಅಂದರು.

ಎಳ್ಳಮವಾಸಿ ಬಂತು. ಅಂದು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಬೇಕು, ಮಾಡಿದ ಅಡಿಗೆಯನ್ನು ಬೆಳೆಯ ಮೇಲೆ ಎರಚಬೇಕು. ಸಜ್ಜಿ ಕಡಬು, ಪುಂಡಿಪಲ್ಲೆ, ಎಣಗಾಯಿ ಎಲ್ಲ ಬುಟ್ಟಿಗೆ ತುಂಬಿ ಬಂಡಿಗೆ ಇಡುತ್ತಿದ್ದೆವು. ಪ್ರತಿ ವರ್ಷ ಬಂಡಿ ಹೊರಡುವ ಮೊದಲು ಹಿತ್ತಾಳೆ ತಂಬಿಗೆಯ ಜಗಳವಾಗುತ್ತಿತ್ತಂತೆ. ಅದರಲ್ಲಿ ನೀರು ತುಂಬಿ ಚರಗದ ಹಿಂದೆ ಹನಿಸುತ್ತ ಹೋಗುವವರು ಯಾರು ಎಂದು. ಆ ವರ್ಷ ಸಣ್ಣತ್ತೆ ತಂಬಿಗೆ ತೊಳೆದು, ಹುಣಸೆಹಣ್ಣು ಹಚ್ಚಿ ಬೆಳಗಿ, ಹೊರಸಿನ ಹತ್ತಿರ ಒಯ್ದರು.

"ಅಕ್ಕಾ, ತಂಬಿಗಿ ಒಯ್ಯಲೇನ್ರಿ?"

ದೊಡ್ಡತ್ತೆ ಬಹಳ ಹೊತ್ತು ಅದನ್ನು ನೋಡಿದರು. ಸೊಟ್ಟ ಬೆರಳಿನಿಂದ ಅದರ ಕಂಠವನ್ನು ಸವರಿದರು.

"ಒಯ್ಯಿ. ಬಾವ್ಯಾಗ ಬಿದ್ದದ್ದು ನಂದ. ಇದು ನಿಂದ. ನೀನ ಇಟ್ಕೋ."

ಈ ಮಾತಿಗಾಗಿ ಸಣ್ಣತ್ತೆ ಎಷ್ಟು ವರ್ಷ ಕಾದಿದ್ದರು! "ಆತ್ರಿ ಅಕ್ಕಾ" ಎಂದು ತಂಬಿಗೆ ಎತ್ತಿಕೊಂಡು ಹೋಗಿ ಬಂಡಿ ಹತ್ತಿದರು. ಯಾರ ಮುಖವನ್ನೂ ನೋಡಲಿಲ್ಲ.

ನಾನು ದೊಡ್ಡತ್ತೆಯ ಜೊತೆ ಮನೆಯಲ್ಲಿ ಉಳಿದೆ. ಊರೆಲ್ಲ ಹೊಲಕ್ಕೆ ಹೋಗಿತ್ತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಿಸಿಲು ಅಂಗಳಕ್ಕೆ ಬಂದ ಮೇಲೆ ಅವರನ್ನು ಹೇಗೋ ಒಬ್ಬಳೇ ಎಬ್ಬಿಸಿ ಗೋಡೆಗೆ ಒರಗಿಸಿ ಕೂಡ್ರಿಸಿದೆ. ಹಿಂದೆ ಕುಳಿತು ತಲೆ ಬಾಚತೊಡಗಿದೆ. ಕೂದಲು ಹಣಿಗೆಯ ತುಂಬ ಬರುತ್ತಿತ್ತು. ನಮ್ಮ ಮುಖ ಪರಸ್ಪರ ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು, ಅವರು ಕೇಳಿದರು.

"ಗಿರಿಜಾ, ಖರೇ ಹೇಳು. ಡಾಕ್ಟರ ನಿನ್ನ ಗಂಡಗ ಏನಂದಾ?"

"ಏನೂ ಅಂದಿಲ್ರಿ ಅತ್ತೀ. ಜೋಪಾನ ಮಾಡ್ರಿ ಅಂದ್ರು."

"ಸುಳ್ಳ ಹೇಳಬ್ಯಾಡ. ಏನೂ ಅನದಿದ್ರ ಫಕೀರಿ ಯಾಕ ನನಗ 'ರಿ' ಹಚ್ಚತಾಳ?"

ನನ್ನ ಹಣಿಗೆ ನಿಂತಿತು.

"ನಮ್ಮವ್ವ ಸಾಯೂ ಮುಂದ ನಮ್ಮ ಕಾಕಿ ಹಿಂಗ ಮಾತಾಡಿದ್ಲು. ಹುಟ್ಟಾ ಜಗಳಗಂಟಿ, ಒಮ್ಮಿಂದೊಮ್ಮೆಲೆ 'ಉಣ್ರಿ, ಕುಡೀರಿ' ಅಂದ್ಲು. ಮೂರ ದಿನಕ್ಕ ನಮ್ಮವ್ವ ಹೋದ್ಲು. ಹೋಗೋರಿಗೆ ಎಲ್ಲಾರೂ ಚಲೋ ಮಾತಾಡ್ತಾರ ತಂಗಿ. ಇರೋರಿಗೆ ಯಾರ ಆಡ್ತಾರ?" ಅವರು ನಕ್ಕ ಹಾಗೆ ಮಾಡಿದರು. "ಫಕೀರಿ ಮನಸಿನ್ಯಾಗ ನಾ ಆಗಲೇ ಹೋಗೀನಿ. ಬೀಗರಾಕಿ ಆಗೀನಿ. ಹಂಗಂದ ಮ್ಯಾಲೆ ಉಣ್ಣೂದು ಯಾಕ?"

"ಅವರು ಆಣಿ ಮಾಡ್ಯಾರ್ರೀ" ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಹನುಮಪ್ಪನ ಮುಂದೆ ಮಾಡಿದ ಆಣೆ ಸಣ್ಣತ್ತೆಯದು. ಅದನ್ನು ಹೇಳಲು ನಾನು ಯಾರು? ತಲೆ ಬಾಚಿ ಸಣ್ಣದೊಂದು ತುರುಬು ಕಟ್ಟಿದೆ. ಅವರು ಮಲಗಿಸು ಅಂದರು. ಮಲಗಿಸಿದೆ. ಗೋಡೆಯ ಕಡೆ ತಿರುಗಿದರು.

ಸಂಜೆ ಬಂಡಿ ಬಂದಾಗ ಸಣ್ಣತ್ತೆಯನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವರು ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ಕೇಳಿದರು. ಕೇಳಿ ನೆಲಕ್ಕೆ ಕುಕ್ಕರಿಸಿದರು.

"ಬಾಯಿ ಮಾಡಿದ್ರ ಸಾಯ್ತಾಳಂತ ಆಕಿ ತಮ್ಮ ಹೇಳ್ತಾನ. ಸುಮ್ಮಕಿದ್ರ ಸಾಯ್ತೀನಂತ ಆಕಿ ಹೇಳ್ತಾಳ. ದೀಪಾ ಮುಟ್ಟಿ ಆಣಿ ಮಾಡೀನಿ ಗಿರಿಜಾ. ಮುರದ್ರ ಆಕಿ ಪಾಪ ನನಗ ಬಡೀತೈತಿ. ನಾ ಏನ ಮಾಡಲೆ?"

ಇಬ್ಬರೂ ದಣಿದಿದ್ದೆವು. ದೀಪ ಹಚ್ಚಬೇಕಾಗಿತ್ತು, ಹಾಲು ಹಿಂಡಬೇಕಾಗಿತ್ತು, ದೊಡ್ಡತ್ತೆಯನ್ನು ಹೊರಳಿಸಬೇಕಾಗಿತ್ತು. ಎದ್ದು ಹೋದೆವು.

ಮರುದಿನ ಬೆಳಿಗ್ಗೆ ಎಲೆ ಕಾಸುವಾಗ ನೋಡುತ್ತೇನೆ, ಸಣ್ಣತ್ತೆ ಆ ತಂಬಿಗೆಯನ್ನು ತಂದು ಹೊರಸಿನ ಪಕ್ಕದ ಮಣೆಯ ಮೇಲೆ ಟಣ್ ಎಂದು ಕುಕ್ಕಿದರು. ಅದರ ಎದುರಿಗೆ ಕಾಲು ಮಡಚಿ ಕೂತರು. ಸೊಂಟದ ಮೇಲೆ ಕೈಯಿಟ್ಟರು. ಜಗಳಕ್ಕೆಂದು ಆ ಕೈ ಅಲ್ಲಿಗೆ ಹೋಗಿ ಬಹಳ ದಿನಗಳಾಗಿದ್ದವು.

"ಏ ತಂಬಿಗಿ," ಅಂದರು, ಓಣಿಗೆ ಕೇಳುವಂತೆ. "ನಿನಗ ಹೇಳಾಕತ್ತೀನಿ, ಬ್ಯಾರೆ ಯಾರಿಗೂ ಅಲ್ಲ. ಬಾವ್ಯಾಗ ಬಿದ್ದಾಕಿ ಸುಮ್ಮ ಬಿದ್ದಾಳ, ಆಕೀಗೆ ಯಾರೂ ಏನೂ ಅನ್ನೂದಿಲ್ಲ. ನೀ ಮ್ಯಾಲ ಉಳದಾಕಿ, ಗ್ವಾಡಿಗೆ ಮಾರಿ ಹಚ್ಚಿ ಯಾಕ ಕುಂತಿ? ಏನ ಐತಿ ಆ ಗ್ವಾಡ್ಯಾಗ? ನಿನ್ನ ಗಂಡ ಕುಂತಾನೇನು?"

ನಾನು ಎಲೆ ಹಿಡಿದುಕೊಂಡು ನಿಂತೆ. ಹಂಚಿನ ಮೇಲಿದ್ದ ಇನ್ನೊಂದು ಎಲೆ ಕರಿದಾಗಿ ಮುದುಡಿತು.

"ಹಾಲು ಕುಡುದು ಕುಡುದು ಕೂಸು ಆಗಬೇಕಂತ ಮಾಡಿಯೇನು? ತೊಟ್ಟಿಲಾ ಕಟ್ಟಲೇನು? ತೂಗಾಕ ನನ್ನ ಕೈಲೆ ಆಗೂದಿಲ್ಲ, ಮೊದಲ ಹೇಳ್ತೀನಿ. ನಿನ್ನ ಎತ್ತಿ ಎತ್ತಿ ನನ್ನ ನಡಾ ಬಿದ್ದೈತಿ. ಆನಿ ಇದ್ದಂಗ ಇದ್ದಿ ತಂಬಿಗಿ ನೀ."

ಗೋಡೆಯ ಕಡೆಯಿಂದ ದನಿ ಬಂತು. ಸಣ್ಣದಾಗಿ, ಒಣಗಿದ ದನಿ.

"ಗಿರಿಜಾ, ಯಾರ ಕೂಡ ಮಾತಾಡಾಕತ್ತಾಳ ಈಕಿ?"

"ತಂಬಿಗಿ ಕೂಡ್ರಿ ಅತ್ತೀ."

"ತಲಿ ಕೆಟ್ಟೈತೇನು?"

"ಕೇಳ್ರಿ, ನಿಮಗ ಅಲ್ಲಂತ."

ಆಮೇಲೆ ದೊಡ್ಡತ್ತೆ ಗೋಡೆಯ ಕಡೆಯಿಂದ ತಾವಾಗಿಯೇ ಹೊರಳಲು ನೋಡಿದರು. ಆಗಲಿಲ್ಲ. ನಾನು ಓಡಿಹೋಗಿ ಹೊರಳಿಸಿದೆ. ಅವರು ಸಣ್ಣತ್ತೆಯನ್ನು ನೋಡಲಿಲ್ಲ. ತಂಬಿಗೆಯನ್ನೇ ನೋಡಿದರು.

"ತಂಬಿಗೀ, ಆ ಒದರಾಕಿಗೆ ಹೇಳು. ಗ್ವಾಡಿನರ ಚಲೋ, ಬಾಯಿ ಮುಚಗೊಂಡ ಇರತೈತಿ ಅಂತ."

"ತಂಬಿಗೀ, ಗ್ವಾಡಿ ಎಲಿ ಕಟ್ಟತೈತೇನು ಕೇಳು."

"ಎಲಿ! ಆನಿ ಅಂತಾಳ ನನಗ. ಈಕಿ ರೊಟ್ಟಿ ಉಂಡು ಆನಿ ಆದವ್ರ ಯಾರದಾರ ಕೇಳು. ಅದು ರೊಟ್ಟಿನೋ ಹಂಚಿನ ಚೂರೋ ಕೇಳು. ತಿಂಗಳಾತು, ಮಾತಾಡಿಲ್ಲ ನಾ, ಪಾಪ ಅಂತ ಬಿಟ್ಟೀನಿ."

"ಮಾತಾಡು! ಯಾರ ಬ್ಯಾಡಂದಾರ?"

"ನೀ 'ರಿ' ಹಚ್ಚಿದ್ರ ನಾ ಏನ ಮಾತಾಡಲೇ ಹುಚ್ಚಿ?"

ಆ 'ಹುಚ್ಚಿ'ಯನ್ನು ಕೇಳಿದ ಕೂಡಲೇ ಸಣ್ಣತ್ತೆ ತಂಬಿಗೆಯ ಮೇಲೆ ತಲೆಯಿಟ್ಟು ಅತ್ತರು. ಅಳುತ್ತಲೇ ತಂಬಿಗೆಗೆ ಆಣೆಯ ಕಥೆ ಹೇಳಿದರು, ಬಸಪ್ಪನ ಮಾತು ಹೇಳಿದರು. ದೊಡ್ಡತ್ತೆ ಕೇಳಿ, "ಅವಂದೇನ ಕೇಳ್ತೀ, ಹೆಂಡ್ತಿ ಮುಂದ ಬಾಯಿ ಬಿಡಾಕ ಬರೂದಿಲ್ಲ, ಇಲ್ಲಿ ಬಂದು ಶಾಣ್ಯಾ ಆಗ್ಯಾನ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಿನ್ನೆ ಹೊಲದಾಗಿಂದ ಸೀತನಿ ತಂದಿಲ್ಲೇನ? ಎಳಸು ಆಗಿರಬೇಕಲ್ಲ ಈಗ."

ಆ ದಿನ ಎಳೆಯ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಕೈತುಂಬ ಬಿಸಿ ಸೀತನಿ ಕೊಟ್ಟೆ. ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಮುಕ್ಕಿದರು. ಮಧ್ಯೆ ಮಧ್ಯೆ ಇದು ಹಸಿ, ಇದು ಕರಕಲು ಎಂದು ತಂಬಿಗೆಗೆ ದೂರು ಹೇಳಿದರು.

ಬ್ಯಾನಿ ಹೋಗಲಿಲ್ಲ. ಅದನ್ನು ಹೇಳಬೇಕು. ಕಾಲು ಮೊದಲಿನಂತಾಗಲಿಲ್ಲ, ಬೆರಳು ನೆಟ್ಟಗಾಗಲಿಲ್ಲ. ಎತ್ತುವುದು, ತೊಳೆಯುವುದು, ಹೊರಳಿಸುವುದು ಒಂದೂ ಕಡಿಮೆಯಾಗಲಿಲ್ಲ. ಹತ್ತಿ ಬಿಡಿಸಿ ಬಂದ ಸಂಜೆಗಳಲ್ಲಿ ನನ್ನ ಕೈ ಮೇಲೇಳುತ್ತಿರಲಿಲ್ಲ. ಆದರೆ ಯುಗಾದಿಗೆ ಬಿಸಿಲೇರುವ ಹೊತ್ತಿಗೆ ಅವರು ಹೊರಸಿನ ಮೇಲೆ ಎದ್ದು ಕೂಡುವಂತಾದರು. ಸಣ್ಣತ್ತೆ ಆಣೆ ಮುರಿಯಲಿಲ್ಲ. ಇಬ್ಬರೂ ಕೊನೆಯವರೆಗೂ ಜಗಳವನ್ನೆಲ್ಲ ತಂಬಿಗೆಯ ಮುಖಾಂತರವೇ ಆಡಿದರು. ಹನುಮಪ್ಪನಿಗೂ ಅದು ಒಪ್ಪಿಗೆಯಾಗಿತ್ತು ಅಂತ ಕಾಣುತ್ತದೆ.

ಅದಾದ ಮೇಲೆ ದೊಡ್ಡತ್ತೆ ಇನ್ನೂ ಕೆಲವು ಹಿಂಗಾರಿ ಕಂಡರು. ಒಂದು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹೋದರು. ಓಣಿಯ ಹೆಂಗಸರು ಕೂಡಿ ಅಳುವಾಗ ಸಣ್ಣತ್ತೆ ಅಳಲಿಲ್ಲ. ಹೆಣದ ತಲೆಯ ಹತ್ತಿರ ತಂಬಿಗೆ ಇಟ್ಟುಕೊಂಡು ಕೂತಿದ್ದರು. "ಏ ತಂಬಿಗಿ," ಅಂದರು, "ಆಕೀಗೆ ಹೇಳು. ಮಾತು ನಡದಾಗ ಎದ್ದು ಹೋದಾಕಿ ಸೋತಂಗ." ಊರವರಿಗೆ ಇದು ವಿಚಿತ್ರವಾಗಿ ಕಂಡಿತು. ನಮ್ಮವರು ಮಾತ್ರ ಹೊರಗೆ ಹೋಗಿ ಕಟ್ಟೆಯ ಮೇಲೆ ಮಳೆಯಲ್ಲಿಯೇ ಕೂತರು.

ಸಣ್ಣತ್ತೆಯೂ ಹೋದರು. ತಂಬಿಗೆ ನನಗೆ ಬಂತು. ಹೊಲ ಬಿಟ್ಟು ನರಗುಂದಕ್ಕೆ ಬಂದು ಕಾಳಿನ ವ್ಯಾಪಾರ ಹಿಡಿದಾಗಲೂ ಅದು ನಮ್ಮೊಂದಿಗೆ ಬಂತು. ನಮ್ಮವರಿಗೆ ಲಕ್ವಾ ಹೊಡೆದು ಬಲಗೈ ಬಿದ್ದ ಮೇಲೆ ಅವರನ್ನು ನೋಡಿಕೊಳ್ಳುವ ಸರದಿ ನನ್ನದಾಯಿತು. ಮಾತು ತೊದಲುತ್ತಿತ್ತು. ನಾನು ದಣಿದು ಮುಖ ಗಂಟು ಹಾಕಿದ ದಿನ ಅವರು ಎಡಗೈಯಿಂದ ತಂಬಿಗೆಯನ್ನು ತಟ್ಟಿ, "ತಂ...ಬಿಗಿ, ಈಕಿಗೆ ಹೇಳು, ಹಾಲಿಗೆ ಸಕ್ರಿ ಇಲ್ಲಾ" ಅನ್ನುತ್ತಿದ್ದರು. "ತಂಬಿಗೀ, ಇಷ್ಟು ಸಕ್ರಿ ತಿಂದೂ ನಾಲಿಗಿ ಸಿಹಿ ಆಗಿಲ್ಲಂತ ಹೇಳು" ಅನ್ನುತ್ತಿದ್ದೆ. ಅವರ ಬಾಯಿ ಒಂದೇ ಕಡೆ ನಗುತ್ತಿತ್ತು. ಸೂಡಿಯ ಜಗಳದ ಕಥೆಗಳನ್ನೆಲ್ಲ ನಮ್ಮಿಂದ ಕೇಳಿದ್ದ ಸುನಂದಾಳೂ ನಗುತ್ತಿದ್ದಳು. ಅವರು ಹೋದ ಮರುದಿನ ಅದನ್ನು ಅಟ್ಟದ ಮೇಲಿಟ್ಟೆ. ಕಣ್ಣಿಗೆ ಬೀಳುವುದು ಬೇಡವಾಗಿತ್ತು.

ಹೋದ ವಾರ ಸುನಂದಾ ಎಲೆ ಕಾಸಿಕೊಂಡು ಬಂದಾಗ ಇನ್ನೊಂದು ಕೈಯಲ್ಲಿ ಆ ತಂಬಿಗೆ ಇತ್ತು. ಬೆಳಗಿದ್ದಳು. ನೀರು ತುಂಬಿದ್ದಳು. ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಕೆಳಗೆ ಕೂತು, ನನ್ನ ಮೊಣಕಾಲಿಗೆ ಎಲೆ ಇಟ್ಟಳು. ನಿಜವಾಗಿಯೂ ಬಹಳ ಸುಡುತ್ತಿತ್ತು.

ನಾನು ತಂಬಿಗೆಯನ್ನು ನೋಡಿದೆ. ಬಹಳ ದಿನಗಳಿಂದ ಆಡದ ಮಾತು ಮೆಲ್ಲಗೆ ಹೊರಗೆ ಬಂತು.

"ತಂಬಿಗೀ, ಈ ಹುಡುಗಿಗೆ ಹೇಳು. ಎಲಿ ಕಟ್ಟಾಕತ್ತಾಳೋ ನನ್ನ ತೊಗಲು ಸುಡಾಕತ್ತಾಳೋ?"

ಸುನಂದಾ ತಲೆ ಎತ್ತಲಿಲ್ಲ. ಅರಿವೆಯ ಪಟ್ಟಿಯನ್ನು ಎಲೆಯ ಮೇಲೆ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು.

"ತಂಬಿಗೀ, ನಮ್ಮತ್ತಿಗೆ ಹೇಳು. ಸುಡಲಿಲ್ಲಂದ್ರ ನೋವು ಹ್ಯಾಂಗ ಹೋಗತೈತಿ? ಸುಮ್ಮ ಕುಂದ್ರಾಕ ಹೇಳು."

ನಾನು ಇನ್ನೊಂದು ಕಾಲನ್ನೂ ಅವಳ ಮುಂದೆ ಚಾಚಿದೆ.